ಕೊಂಡಿ ಕಳಚದ ವಂಶವೃಕ್ಷ: ಉತ್ತರ ಕನ್ನಡದ ಮನೆತನಗಳಿಗೆ ದಾಖಲೆ ಹಿಡಿದು ಹೋಗುವ ಸಮಗ್ರ ಮಾರ್ಗದರ್ಶಿ

ವಂಶವೃಕ್ಷ ಬರೆಯಲು ಹೊರಟವರು ಹೆಚ್ಚಾಗಿ ಮುತ್ತಜ್ಜನ ಹತ್ತಿರ ನಿಲ್ಲುತ್ತಾರೆ. ಇಲ್ಲವೆ ಅಲ್ಲಿ ನಿಲ್ಲದೆ, ಅದೇ ಹೆಸರಿನ ಇನ್ನೊಬ್ಬನನ್ನು ಹಿಡಿದು ಬೇರೆ ಮನೆತನದೊಳಗೆ ನುಗ್ಗಿಬಿಡುತ್ತಾರೆ. ಎರಡಕ್ಕೂ ಕಾರಣ ಒಂದೇ, ಕೆಲಸದ ಕ್ರಮ ತಪ್ಪಿರುವುದು. ಮೇಲಿನಿಂದ, ಅಂದರೆ ಕೇಳಿ ತಿಳಿದ ಮೂಲಪುರುಷನಿಂದ ಕೆಳಗೆ ಬರೆಯಬಾರದು. ಇಂದು ಬದುಕಿರುವವರಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಪ್ರತಿ ಮೆಟ್ಟಿಲಿಗೂ, ‘ಇವನು ಇವನ ಮಗ, ಇವಳು ಇವಳ ಮಗಳು’ ಎನ್ನುವುದಕ್ಕೂ, ಬೇರೆ ಬೇರೆ ಪುರಾವೆ ಬೇಕು. ವ್ಯಕ್ತಿ ಇದ್ದನೆಂಬುದಕ್ಕೆ ಕಾಗದ ಸಿಕ್ಕರೆ ಸಾಲದು, ಸಂಬಂಧಕ್ಕೂ ಕಾಗದ ಸಿಗಬೇಕು.

ಮೊದಲು ಕೈಯಲ್ಲಿರಬೇಕಾದ್ದು

ಗೆರೆ ಇರುವ ದಪ್ಪ ನೋಟ್‌ಬುಕ್ ಒಂದು, ಎ3 ಅಳತೆಯ ಬಿಳಿ ಹಾಳೆಗಳು, ಎರಡು ಪೆನ್ಸಿಲ್, ಭೂತಗನ್ನಡಿ, ಕ್ಯಾಮೆರಾ ಚೆನ್ನಾಗಿರುವ ಮೊಬೈಲ್. ಹಳೆಯ ಕಾಗದದ ಹತ್ತಿರ ಪೆನ್ ತೆರೆಯಬೇಡಿ, ಮಸಿಯ ಒಂದು ಹನಿ ಬಿದ್ದರೆ ಅಳಿಸಲು ಬರುವುದಿಲ್ಲ. ಕಂಪ್ಯೂಟರ್ ಬಳಸುವವರಿಗೆ ಉಚಿತವಾಗಿ ಸಿಗುವ ಗ್ರಾಂಪ್ಸ್ ತಂತ್ರಾಂಶ ಸಾಕು. ಕನ್ನಡವನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆದಿಟ್ಟ ಹೆಸರುಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ.

ಹಂತ 1: ಸಂಖ್ಯೆ ಕೊಡುವುದು

ಹೆಸರು ಬರೆಯುವ ಮೊದಲು ಸಂಖ್ಯೆಯ ಪದ್ಧತಿ ನಿಶ್ಚಯಿಸಿಕೊಳ್ಳಿ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ. ಗಣಪತಿಯ ಮಗ ಮಂಜುನಾಥ, ಅವನ ಮಗ ಮತ್ತೆ ಗಣಪತಿ, ಅವನ ಮಗ ಮತ್ತೆ ಮಂಜುನಾಥ. ಹೆಸರನ್ನಷ್ಟೇ ನಂಬಿದರೆ ಎರಡು ತಲೆಮಾರು ಒಂದಾಗಿ ಬೆಸೆದುಕೊಳ್ಳುವುದು ಖಂಡಿತ.

ಯಾರಿಂದ ಶುರುಮಾಡುತ್ತೀರೋ ಅವರಿಗೆ 1 ಕೊಡಿ. ಯಾವುದೇ ವ್ಯಕ್ತಿಯ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಸೇರಿಸಿದರೆ ತಾಯಿ. ತಂದೆ 2, ತಾಯಿ 3, ತಂದೆಯ ತಂದೆ 4, ತಂದೆಯ ತಾಯಿ 5, ತಾಯಿಯ ತಂದೆ 6, ತಾಯಿಯ ತಾಯಿ 7. ಅಣ್ಣತಮ್ಮ, ಅಕ್ಕತಂಗಿಯರಿಗೆ 4ಅ, 4ಆ ಎಂದು ಅಕ್ಷರ ಸೇರಿಸಿ. ಈ ಪದ್ಧತಿಯಲ್ಲಿ ತಾಯಿಯ ಕಡೆಯ ಖಾಲಿ ಜಾಗ ಕಣ್ಣಿಗೆ ಹೊಡೆದು ಕಾಣುತ್ತದೆ. ಅದೇ ಇದರ ದೊಡ್ಡ ಉಪಯೋಗ.

ಹಂತ 2: ಮನೆಯೊಳಗಿನ ಕಾಗದ

ಕಚೇರಿಗೆ ಹೋಗುವ ಮೊದಲು ಮನೆಯ ಪೆಟ್ಟಿಗೆ, ನಾಗಂದಿಗೆ, ದೇವರ ಕೋಣೆಯ ಗಂಟು ಎಲ್ಲವನ್ನೂ ನೋಡಿ. ಜಾತಕ, ಲಗ್ನಪತ್ರಿಕೆ, ತೀರುವೆ ರಸೀದಿ, ಸೊಸೈಟಿಯ ಷೇರು ಪತ್ರ, ಶಾಲೆಯ ದಾಖಲೆ, ಮೃತ್ಯುಪತ್ರ, ವಾಟ್ನಿ (ಪಾಲು) ಪತ್ರ ಸಿಗಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಸಹಕಾರಿ ಸಂಘದ ಹಳೆಯ ಪಾಸ್‌ಬುಕ್ಕುಗಳನ್ನು ಬಿಡಬೇಡಿ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಷ್ಟು ಹಿಂದಿನದು. ಸದಸ್ಯನು ತೀರಿಕೊಂಡಾಗ ಷೇರು ಯಾರ ಹೆಸರಿಗೆ ಹೋಯಿತೆಂಬುದೂ ಸಂಬಂಧಕ್ಕೆ ಸಾಕ್ಷಿಯೇ.

ಶ್ರಾದ್ಧ ಮಾಡುವ ಮನೆಗಳಲ್ಲಿ ಪುರೋಹಿತರು ಅಥವಾ ಯಜಮಾನರು ಇಟ್ಟುಕೊಂಡಿರುವ ಹೆಸರಿನ ಪಟ್ಟಿ ಚಿನ್ನದಂಥ ದಾಖಲೆ. ಅದರಲ್ಲಿ ತಂದೆ, ಅಜ್ಜ, ಮುತ್ತಜ್ಜ, ಅವರವರ ಹೆಂಡಂದಿರು, ತಾಯಿಯ ಕಡೆಯಲ್ಲೂ ಹಾಗೆಯೇ ಮೂರು ತಲೆಮಾರು, ಒಟ್ಟು 12 ಹೆಸರು ಗೋತ್ರದೊಂದಿಗೆ ಬರುತ್ತವೆ. ಪಹಣಿಯಲ್ಲಿ ಎಂದೂ ಕಾಣದ ಹೆಂಗಸರ ಹೆಸರು ಇಲ್ಲಿರುತ್ತದೆ. ಪಟ್ಟಿ ಬರೆದ ವರ್ಷ ಯಾವುದು, ಆಗ ಕರ್ತೃ ಯಾರಾಗಿದ್ದರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅಜ್ಜನ ಕಾಲದಲ್ಲಿ ಬರೆದ ಪಟ್ಟಿಯನ್ನು ನಿಮ್ಮದೆಂದು ಓದಿಕೊಂಡರೆ ಎರಡು ತಲೆಮಾರು ಜಾರಿಹೋಗುತ್ತದೆ.

ಫೋಟೋ ತೆಗೆಯುವಾಗ ಕಾಗದವನ್ನು ಕಿಟಕಿಯ ಬೆಳಕಿನಲ್ಲಿ ಚಪ್ಪಟೆಯಾಗಿಟ್ಟು, ಎರಡೂ ಮಗ್ಗುಲು ಹಿಡಿಯಿರಿ. ಸ್ಟಾಂಪಿನ ಹಿಂದಿನ ಷರಾ ಎಷ್ಟೋ ಸಲ ಮುಂದಿನ ಬರಹಕ್ಕಿಂತ ಮುಖ್ಯವಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗಂಟು ಬಿಚ್ಚಬೇಡಿ, ಥಂಡಿ ಹಿಡಿದ ಕಾಗದದ ಮಡಿಕೆ ಹರಿಯುತ್ತದೆ. ಲ್ಯಾಮಿನೇಶನ್, ಸೆಲೋಟೇಪ್ ಎರಡೂ ಬೇಡ.

ಹಂತ 3: ಹಿರಿಯರನ್ನು ಕೇಳುವುದು

ಕಾಗದ ನೋಡಿದ ಮೇಲೆಯೇ ಹಿರಿಯರ ಬಳಿ ಹೋಗಿ. ‘ನಮ್ಮ ಮೂಲ ಎಲ್ಲಿ’ ಎಂದು ಕೇಳಿದರೆ ಐತಿಹ್ಯ ಸಿಗುತ್ತದೆ. ‘ಈ ಲಗ್ನಪತ್ರಿಕೆಯಲ್ಲಿರುವ ಸುಬ್ರಾಯ ಯಾರ ಮಗ, ಅವನ ತಂಗಿಯನ್ನು ಯಾವ ಊರಿಗೆ ಕೊಟ್ಟಿದ್ದರು’ ಎಂದು ಕೇಳಿದರೆ ಸಂಬಂಧ ಸಿಗುತ್ತದೆ. ಅಜ್ಜಿಯಂದಿರನ್ನು ಬೇರೆಯಾಗಿ, ನಿಧಾನವಾಗಿ ಕೇಳಿ. ಬಾಣಂತನ, ಮದುವೆ, ತವರು, ಸಾವಿನ ಕ್ರಮ ಅವರಿಗೆ ನೆನಪಿರುವಷ್ಟು ಗಂಡಸರಿಗೆ ಇರುವುದಿಲ್ಲ.

ಹಾಲಕ್ಕಿ ಒಕ್ಕಲಿಗರು, ಖಾರ್ವಿಗಳು, ಅಂಬಿಗರು, ಸಿದ್ದಿಗಳು ಮೊದಲಾದವರಲ್ಲಿ ಅನೇಕ ಮನೆಗಳಿಗೆ ಹಳೆಯ ಕಾಗದ ಕಡಿಮೆ. ಅಲ್ಲಿ ಕೊಪ್ಪ (ಹಾಲಕ್ಕಿಗಳ ವಸತಿ), ಕೇರಿ, ಮನೆಯ ಹೆಸರು, ಯಾರ ಮನೆಯ ಹಬ್ಬಕ್ಕೆ ಯಾರು ಹೋಗುತ್ತಿದ್ದರು, ಸೂತಕ ಯಾರ್ಯಾರಿಗೆ ತಟ್ಟುತ್ತಿತ್ತು ಎಂದು ಕೇಳಿ. ಸೂತಕದ ಬಳಗ ಹೇಳಿದರೆ ದಾಯಾದಿಗಳ ಬಳಗ ತಾನಾಗಿ ತೆರೆದುಕೊಳ್ಳುತ್ತದೆ.

ಒಂದೇ ವಿಷಯವನ್ನು ಇಬ್ಬರಿಂದ ಬೇರೆ ಬೇರೆ ಕೇಳಿ, ಇಬ್ಬರ ಮಾತನ್ನೂ ಅವರವರ ಹೆಸರು, ತಾರೀಖಿನೊಂದಿಗೆ ಬರೆದಿಡಿ. ಮಾತು ಹೊಂದದಿದ್ದರೆ ಒಂದನ್ನು ಹೊಡೆದುಹಾಕಬೇಡಿ. ತೀರ್ಪು ಕೊಡುವುದು ಮುಂದಿನ ದಾಖಲೆಯ ಕೆಲಸ.

ಹಂತ 4: ಭೂಮಿಯ ದಾಖಲೆ

ಇಡೀ ಕೆಲಸದ ಬೆನ್ನೆಲುಬು ಇದು. ಹೆಚ್ಚಿನವರು ಸೋಲುವುದೂ ಇಲ್ಲೇ, ಏಕೆಂದರೆ ಇಂದಿನ ಪಹಣಿ ತೆಗೆದು ನೋಡಿ ಬಿಟ್ಟುಬಿಡುತ್ತಾರೆ. ಗಣಕೀಕೃತ ಪಹಣಿ 2000ದ ಆಚೀಚೆ ಭೂಮಿ ಯೋಜನೆಯೊಂದಿಗೆ ಬಂದದ್ದು. ಅದರ ಹಿಂದಿನ ತಲೆಮಾರುಗಳಿರುವುದು ತಹಶೀಲ್ದಾರ ಕಚೇರಿಯ ಅಭಿಲೇಖಾಲಯದ ಕೈಬರಹದ ಉತಾರ (ಹಳೆಯ ಪಹಣಿ) ಮತ್ತು ಹಕ್ಕು ಬದಲಾವಣೆಯ ಪುಸ್ತಕಗಳಲ್ಲಿ.

ಕ್ರಮ ಹೀಗಿರಲಿ. ಮೊದಲು ಮನೆತನದ ಅತಿ ಹಳೆಯ ಜಮೀನಿನ ಸರ್ವೆ ನಂಬರ್, ಹಿಸ್ಸಾ ನಂಬರ್ ಬರೆದುಕೊಳ್ಳಿ. ನಡುವೆ ಖರೀದಿಸಿದ ಜಮೀನು ಹಿಡಿದರೆ ಮಾರಿದವನ ವಂಶಕ್ಕೆ ಹೋಗುತ್ತೀರಿ. ಮನೆ ಇರುವ ಜಾಗ ಅಥವಾ ಮೂಲ ತೋಟ ಒಳ್ಳೆಯದು. ಪಹಣಿಯ 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರಿದೆ. 10ನೇ ಕಲಂನಲ್ಲಿ ಆ ಹೆಸರು ಯಾವ ನೋಂದಿನಿಂದ ಬಂತೆಂಬ ಸಂಖ್ಯೆ ಇದೆ. ಆ ಸಂಖ್ಯೆಯ ಹಕ್ಕು ಬದಲಾವಣೆ ನೋಂದಿನ ನಕಲಿಗೆ ಅರ್ಜಿ ಕೊಡಿ. ಅದರಲ್ಲಿ ಹಿಂದಿನ ಖಾತೆದಾರ, ಅವನು ತೀರಿದ ದಿನ, ವಾರಸದಾರರ ಹೆಸರು, ಎಷ್ಟೋ ಸಲ ವಯಸ್ಸು ಕೂಡ ಇರುತ್ತದೆ. ಅಲ್ಲಿಂದ ಹಿಂದಿನ ಉತಾರಕ್ಕೆ, ಅಲ್ಲಿಂದ ಅದರ ಹಿಂದಿನ ನೋಂದಿಗೆ ಹೋಗಿ. ಒಂದು ನೋಂದನ್ನೂ ಹಾರಬೇಡಿ.

1862ರಿಂದ 1956ರವರೆಗೆ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಹಾಗಾಗಿ ಈ ಪುಸ್ತಕಗಳ ತುಂಬ ಮರಾಠಿಯಿಂದ ಬಂದ ಕಚೇರಿ ಮಾತುಗಳಿವೆ. ಇವು ಗೊತ್ತಿರಲೇಬೇಕು: ‘ಬಿನ್’ ಅಂದರೆ ಇಂಥವನ ಮಗ, ‘ಕೋಂ’ ಅಂದರೆ ಇಂಥವನ ಹೆಂಡತಿ, ‘ಉರ್ಫ್’ ಅಂದರೆ ಕರೆಯುವ ಹೆಸರು. ‘ಮಯತ’ ತೀರಿಕೊಂಡವನು. ‘ವಾರಸಾ’ ಉತ್ತರಾಧಿಕಾರ, ‘ವಾಟ್ನಿ’ ಪಾಲು, ‘ಬೋಜಾ’ ಸಾಲದ ಹೊರೆ. ‘ಎಕುಮ್ಯಾ’ ಅಂದರೆ ಏಕತ್ರ ಕುಟುಂಬದ ಮ್ಯಾನೇಜರ್, ‘ಅಪಾಕ’ ಅಂದರೆ ಅಪ್ರಾಪ್ತ ವಯಸ್ಕನ ಪರವಾಗಿರುವ ಪಾಲನಕರ್ತ.

ಕೊನೆಯ ಎರಡನ್ನು ಕಡೆಗಣಿಸಿದರೆ ದೊಡ್ಡ ತಪ್ಪಾಗುತ್ತದೆ. ‘ಎಕುಮ್ಯಾ’ ಎಂದು ಒಬ್ಬ ಅಣ್ಣನ ಹೆಸರಿದ್ದರೆ ಅವನಿಗೆ ತಮ್ಮಂದಿರಿಲ್ಲ ಎಂದಲ್ಲ. ಅವರೆಲ್ಲ ಆ ಹೆಸರಿನ ಹಿಂದೆ ಇದ್ದಾರೆ, ಪಾಲಾದ ವರ್ಷದ ನೋಂದಿನಲ್ಲಿ ಒಟ್ಟಿಗೆ ಹೊರಬರುತ್ತಾರೆ. ‘ಅಪಾಕ ತಾಯಿ’ ಎಂದಿದ್ದರೆ ತಂದೆ ಆ ವರ್ಷದೊಳಗೆ ತೀರಿದ್ದಾನೆ, ಮಗ ಇನ್ನೂ ಅಪ್ರಾಪ್ತ ವಯಸ್ಕ, ತಾಯಿ ಬದುಕಿದ್ದಾಳೆ. ಒಂದೇ ಶಬ್ದದಿಂದ ಮೂರು ಸಂಗತಿ ಸಿಕ್ಕಂತಾಯಿತು.

ನೋಂದು ಮಾಡಿದ ದಿನವನ್ನು ಸತ್ತ ದಿನವೆಂದು ಬರೆದುಕೊಳ್ಳುವುದು ಎಲ್ಲ ಕಡೆ ಕಾಣುವ ತಪ್ಪು. ತೀರಿಕೊಂಡು ಹತ್ತಾರು ವರ್ಷವಾದ ಮೇಲೆ, ಸಾಲ ತೆಗೆಯುವಾಗಲೋ ಮಾರುವಾಗಲೋ ವಾರಸಾ ಮಾಡಿಸಿದ್ದು ಸಾಮಾನ್ಯ. ಎರಡು ದಿನಾಂಕಕ್ಕೂ ಬೇರೆ ಬೇರೆ ಕಲಂ ಇಡಿ.

ಗೇಣಿ ಮಾಡುತ್ತಿದ್ದ ಮನೆತನದವರು ಮಾಲೀಕರ ಕಲಂನಲ್ಲಿ ಹುಡುಕಿ ‘ನಮ್ಮ ಹೆಸರೇ ಇಲ್ಲ’ ಎಂದು ಕೈಬಿಡುತ್ತಾರೆ. ನೋಡಬೇಕಾದ್ದು ಸಾಗುವಳಿದಾರರ 12ನೇ ಕಲಂ. ಅದಕ್ಕಿಂತಲೂ ಮುಖ್ಯವಾದದ್ದು 1974ರ ಭೂಸುಧಾರಣೆಯ ನಂತರ ಭೂನ್ಯಾಯ ಮಂಡಳಿಗೆ ಕೊಟ್ಟ 7ನೇ ನಮೂನೆಯ ಅರ್ಜಿಯ ಕಡತ. ಅರ್ಜಿದಾರ ವಿಚಾರಣೆಯ ನಡುವೆ ತೀರಿಕೊಂಡಿದ್ದರೆ ವಾರಸದಾರರೆಲ್ಲರನ್ನೂ ಸೇರಿಸಬೇಕಾಗಿತ್ತು, ಹಾಗಾಗಿ ಕೆಲವು ಕಡತಗಳಲ್ಲಿ ವಂಶಾವಳಿಯೇ ಇರುತ್ತದೆ. ಹಿರಿಯರು ಯಾವ ತಲೆಮಾರಿನಿಂದ ಗೇಣಿ ಮಾಡುತ್ತಿದ್ದರೆಂಬ ಹೇಳಿಕೆಯೂ ಸಿಗುತ್ತದೆ. ಮೂಲಗೇಣಿಯೋ ಚಾಲಗೇಣಿಯೋ ನೋಡಿಕೊಳ್ಳಿ. ಚಾಲಗೇಣಿ ಧಣಿಯ ಇಚ್ಛೆ ಇರುವವರೆಗಿನದು. ಮೂಲಗೇಣಿ ವಂಶಪಾರಂಪರ್ಯವಾಗಿ ಬಂದದ್ದು, ಅದರ ಹಳೆಯ ಪತ್ರ ಧಣಿಯ ಮನೆಯಲ್ಲೂ ಒಂದು ಇರಬಹುದು.

ಜಮೀನು ಸರಕಾರಕ್ಕೆ ಹೋಗಿರುವ ಕುಟುಂಬಗಳಿಗೆ ಬೇರೆ ದಾರಿ ಇದೆ. ಸೂಪಾ ಅಣೆಕಟ್ಟು, ಕೈಗಾ, ಕಾರವಾರ–ಅಂಕೋಲೆಯ ಸೀಬರ್ಡ್ ನೌಕಾನೆಲೆ, ಇವುಗಳಿಗಾಗಿ ಭೂಮಿ ಕೊಟ್ಟವರ ಪರಿಹಾರದ ಐತೀರ್ಪಿನಲ್ಲಿ ಪಾಲುದಾರರ ಹೆಸರು, ಹಿಸ್ಸೆ ಬರೆದಿರುತ್ತಾರೆ. ಊರೇ ಚದುರಿಹೋದ ಕಡೆ ದಾಯಾದಿಗಳನ್ನು ಒಂದೇ ಹಾಳೆಯಲ್ಲಿ ಕಾಣಿಸುವ ಕಾಗದ ಬಹುಶಃ ಇದೊಂದೇ.

ಇನ್ನೊಂದು ಎಚ್ಚರಿಕೆ ಅಂಕೋಲಾ, ಸಿದ್ದಾಪುರದವರಿಗೆ. 1930ರ ದಶಕದ ಮೊದಲ ವರ್ಷಗಳಲ್ಲಿ ಕರನಿರಾಕರಣೆಯಲ್ಲಿ ಅನೇಕರ ಜಮೀನು ಜಪ್ತಿಯಾಗಿ ಬೇರೆಯವರ ಹೆಸರಿಗೆ ಹೋಗಿತ್ತು. ಆ ಹೊತ್ತಿಗೆ ಖಾತೆಯಲ್ಲಿ ಹೆಸರು ಮಾಯವಾಗಿದ್ದರೆ ವಂಶ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಆ ದಶಕದ ಕೊನೆಯ ನೋಂದುಗಳನ್ನೂ ನೋಡಿ.

ಹಳೆಯ ಪುಸ್ತಕ ಸಿಗದಿದ್ದರೆ ತಾಲೂಕು ಸರಿಯಿದೆಯೇ ಪರೀಕ್ಷಿಸಿ. ಇಂದಿನ ಭಟ್ಕಳದ ಹಳ್ಳಿಗಳು ಹಿಂದೆ ಹೊನ್ನಾವರದಡಿ, ಮುಂಡಗೋಡದವು ಯಲ್ಲಾಪುರದಡಿ ಇದ್ದವು.

ಹಂತ 5: ನೋಂದಣಿ ಕಚೇರಿ ಮತ್ತು ನ್ಯಾಯಾಲಯ

ಉಪನೋಂದಣಿ ಕಚೇರಿಯಲ್ಲಿ ಎರಡು ಸೂಚಿಗಳಿವೆ. ಒಂದು ಜನರ ಹೆಸರಿನದು, ಇನ್ನೊಂದು ಆಸ್ತಿಯದು. ಹೆಸರಿನ ಸೂಚಿಯಲ್ಲಿ ನಾಯ್ಕ, ಹೆಗಡೆ, ಗೌಡ ಎಂದು ಹುಡುಕಿದರೆ ದಿನವೆಲ್ಲ ಹೋಗುತ್ತದೆ. ಸರ್ವೆ ನಂಬರ್ ಹಿಡಿದು ಆಸ್ತಿಯ ಸೂಚಿಯಲ್ಲಿ ನೋಡುವುದು ಜಾಣತನ. ಸ್ಥಿರಾಸ್ತಿಯ 1ನೇ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದು. ಮೃತ್ಯುಪತ್ರಗಳಿರುವ 3ನೇ ಪುಸ್ತಕದ ನಕಲು, ಬರೆದವರು ತೀರಿಕೊಂಡ ಮೇಲೆ, ಕೇಳಿದ ಯಾರಿಗಾದರೂ ಸಿಗುತ್ತದೆ.

ಪಾಲಿನ ದಾವೆ ನಡೆದ ಮನೆತನವಾದರೆ ದಾವಾ ಅರ್ಜಿ ಮತ್ತು ತೀರ್ಪಿನ ದೃಢೀಕೃತ ನಕಲಿಗೆ ಪ್ರಯತ್ನಿಸಿ. ಅದರಲ್ಲಿ ವಂಶಾವಳಿ ಇದ್ದೇ ಇರುತ್ತದೆ. ಆದರೆ ಅದು ಒಂದು ಪಕ್ಷದವರು ಹೇಳಿದ್ದು. ಎದುರು ಪಕ್ಷ ಒಪ್ಪಿತೇ, ಕೋರ್ಟು ಏನು ನಿರ್ಣಯಿಸಿತು ಎಂದು ಓದದೆ ಅದನ್ನು ಎತ್ತಿಕೊಳ್ಳಬೇಡಿ. ದತ್ತಕದ ಜಗಳ ಇಂಥ ಕಡತಗಳಲ್ಲೇ ಅಡಗಿರುತ್ತದೆ.

ನಾಡಕಚೇರಿ ಕೊಡುವ ವಂಶವೃಕ್ಷ ಪ್ರಮಾಣಪತ್ರಕ್ಕೂ ಈ ಮಾತು ಸಲ್ಲುತ್ತದೆ. ಅದು ಅರ್ಜಿದಾರರ ಅಫಿಡವಿಟ್, ಸ್ಥಳೀಯ ವಿಚಾರಣೆಯ ಮೇಲೆ ನಿಂತದ್ದು, ವಾರಸಾ ಕೆಲಸಕ್ಕಾಗಿ ಮಾಡಿದ್ದು. ಹತ್ತಿರದ ತಲೆಮಾರಿಗೆ ಸಹಾಯಕ, ಮುತ್ತಜ್ಜನ ಕಾಲಕ್ಕೆ ಪುರಾವೆಯಾಗದು.

ಹಂತ 6: ಹೆಣ್ಣುಮಕ್ಕಳನ್ನು ಬಿಡದಿರುವುದು

ಭೂದಾಖಲೆಯಿಂದಷ್ಟೇ ಬರೆದ ವೃಕ್ಷದಲ್ಲಿ ಹೆಣ್ಣುಮಕ್ಕಳು ಇರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲು ಗಂಡುಮಕ್ಕಳಿರುವ ಮನೆಯಲ್ಲಿ ಮಗಳ ಹೆಸರು ವಾರಸಾದಲ್ಲಿ ಬರುತ್ತಿರಲಿಲ್ಲ, ನಂತರವೂ ಬಹುಕಾಲ ಬಿಟ್ಟೇ ಬರೆಯುತ್ತಿದ್ದರು. ವಾರಸಾದಲ್ಲಿ ಮೂವರು ಗಂಡುಮಕ್ಕಳಿದ್ದರೆ ‘ಮಕ್ಕಳು ಮೂವರು’ ಎಂದು ಬರೆಯಬೇಡಿ. ‘ವಾರಸಾದಲ್ಲಿ ಕಂಡವರು ಮೂವರು’ ಎಂದು ಬರೆಯಿರಿ. ಈ ಒಂದು ಎಚ್ಚರ ಇಲ್ಲದೆ ನಮ್ಮ ಅನೇಕ ಅಚ್ಚಾದ ವಂಶಾವಳಿಗಳು ಅರ್ಧ ಮನೆತನವನ್ನೇ ಅಳಿಸಿಹಾಕಿವೆ.

ಅವರನ್ನು ಹುಡುಕಲು ಅತ್ಯುತ್ತಮ ಕಾಗದ ಹಕ್ಕುಬಿಡುಗಡೆ ಪತ್ರ. ಅದರಲ್ಲಿ ತಂದೆಯ ಹೆಸರು, ಗಂಡನ ಹೆಸರು, ಗಂಡನ ಊರು ಮೂರೂ ಒಟ್ಟಿಗಿರುತ್ತವೆ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇದ್ದ ಮನೆಗಳಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಒಂದೇ ಸಂಖ್ಯೆಯಡಿ ಬರೆಯಿರಿ. ಇಲ್ಲವಾದರೆ ಒಬ್ಬಳೇ ಹೆಂಗಸು ಇಬ್ಬರು ಹೆಂಡಂದಿರಾಗಿ ವೃಕ್ಷದಲ್ಲಿ ನಿಲ್ಲುತ್ತಾಳೆ. ತಿರುಗಾಮುರುಗಾ ತಪ್ಪೂ ಉಂಟು. ಮೊದಲ ಹೆಂಡತಿ ತೀರಿ ಎರಡನೆಯವಳು ಬಂದದ್ದು ಗೊತ್ತಾಗದೆ ಎಲ್ಲ ಮಕ್ಕಳನ್ನೂ ಒಬ್ಬಳಿಗೇ ಬರೆದುಬಿಡುತ್ತಾರೆ. ಮಕ್ಕಳ ನಡುವೆ ಏಳೆಂಟು ವರ್ಷದ ಬಿಡುವಿದ್ದರೆ ಸಂಶಯಪಡಿ.

ಹಂತ 7: ದೇವಸ್ಥಾನ, ಮಠ, ಚರ್ಚು, ಜಮಾತು

ಗೋವೆಯಿಂದ ಬಂದ ಸಾರಸ್ವತ ಮನೆತನಗಳು ತಮ್ಮ ಕುಲದೇವರ ದೇವಸ್ಥಾನದ ಮಹಾಜನರ (ವಂಶದಿಂದ ಹಕ್ಕು ಬಂದ ಸದಸ್ಯರ) ಪಟ್ಟಿಯಲ್ಲಿ ಹುಡುಕಬಹುದು. ಮಂಗೇಶಿ, ಕವಳೆಯ ಶಾಂತಾದುರ್ಗಾ, ಮಾರ್ದೋಳದ ಮಹಾಲಸಾ ಹೀಗೆ ಯಾವುದೆಂಬುದು ಮೊದಲು ಮನೆಯಲ್ಲಿ ಖಚಿತವಾಗಬೇಕು. ಚಿತ್ರಾಪುರ ಸಾರಸ್ವತರಿಗೆ ಶಿರಾಲಿಯ ಮಠ, ಹವ್ಯಕರಿಗೆ ತಮ್ಮ ಸೀಮೆ ಯಾವ ಮಠಕ್ಕೆ ಸೇರಿದ್ದೋ ಅದು. ಸ್ವರ್ಣವಲ್ಲಿಯೋ ರಾಮಚಂದ್ರಾಪುರವೋ ಎಂದು ತಿಳಿಯದೆ ಹೋದರೆ ಅಲೆದಾಟ ತಪ್ಪದು.

ಕ್ರೈಸ್ತರಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳಿವೆ. ದೀಕ್ಷಾಸ್ನಾನದ ನೋಂದಿನಲ್ಲಿ ತಂದೆತಾಯಿಯರ ಜೊತೆ ಧರ್ಮಪಿತ, ಧರ್ಮಮಾತೆಯರ ಹೆಸರೂ ಇರುತ್ತದೆ, ಅವರು ಹೆಚ್ಚಾಗಿ ಹತ್ತಿರದ ನೆಂಟರೇ. ಕಾರವಾರ ಧರ್ಮಪ್ರಾಂತ ಆದದ್ದು 1976ರಲ್ಲಿ. ಅದಕ್ಕೂ ಮೊದಲು ಬೆಳಗಾವಿ, ಇನ್ನೂ ಹಿಂದೆ ಗೋವಾ. ಭಟ್ಕಳ, ಹೊನ್ನಾವರ ಕಡೆಯ ಮುಸ್ಲಿಮರು ಜಮಾತಿನ ನಿಕಾಹ್ ಪುಸ್ತಕ ಕೇಳಬೇಕು.

ಯಾರ ಬಳಿಯೂ ಪುಸ್ತಕವನ್ನು ಮನೆಗೆ ಕೇಳಬೇಡಿ. ಬೇಕಾದ ನೋಂದನ್ನು ಅಲ್ಲೇ, ಅಕ್ಷರ ಬದಲಿಸದೆ ನಕಲು ಮಾಡಿಕೊಳ್ಳಿ.

ಹಂತ 8: ಕಾಲ ಹೊಂದಿಸುವುದು

ಶಕ ವರ್ಷಕ್ಕೆ 78 ಸೇರಿಸಿದರೆ ಇಸವಿ. ಶಕ ವರ್ಷ ಯುಗಾದಿಗೆ ಶುರುವಾಗುವುದರಿಂದ ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ದಿನಗಳಿಗೆ 79 ಸೇರಿಸಬೇಕು. ಶಕ 1800 ಬಹುಧಾನ್ಯ ಸಂವತ್ಸರದ ಶ್ರಾವಣ 1878ರಲ್ಲಿ, ಅದೇ ವರ್ಷದ ಮಾಘ 1879ರಲ್ಲಿ ಬರುತ್ತದೆ. ಕಾಗದದಲ್ಲಿ ಬರೀ ‘ಬಹುಧಾನ್ಯ’ ಎಂದಿದ್ದರೆ ಅದು 1878 ಇರಬಹುದು, 1938 ಇರಬಹುದು. 60 ವರ್ಷವೆಂದರೆ ಎರಡು ತಲೆಮಾರು, ಅಜ್ಜನ ಹೆಸರೇ ಮೊಮ್ಮಗನಿಗೂ ಇರುವ ಅಂತರ. ಸ್ಟಾಂಪಿನ ಮೇಲಿರುವ ರಾಜ ಅಥವಾ ರಾಣಿಯ ಮುಖ, ಸಾಕ್ಷಿದಾರರ ಹೆಸರು ನೋಡಿ ತೀರ್ಮಾನಿಸಿ.

ಶಾಲೆಯ ದಾಖಲೆಯಲ್ಲಿ ಜನ್ಮದಿನ ಜೂನ್ 1 ಎಂದಿದ್ದರೆ ಅದು ಮಾಸ್ತರರು ಶಾಲೆಗೆ ಸೇರಿಸಲು ಬರೆದ ದಿನವಾಗಿರುವ ಸಾಧ್ಯತೆಯೇ ಹೆಚ್ಚು. ವರ್ಷವೂ ಒಂದೆರಡು ಆಚೀಚೆ ಇರಬಹುದು. ಜಾತಕ ಸಿಕ್ಕರೆ ಅದಕ್ಕೆ ಮೊದಲ ಮಣೆ. ಶ್ರಾದ್ಧದ ತಿಥಿಯಿಂದ ಮಾಸ, ಪಕ್ಷ, ತಿಥಿ ಸಿಗುತ್ತದೆ, ಇಸವಿ ಸಿಗುವುದಿಲ್ಲ. ಹಕ್ಕು ಬದಲಾವಣೆಯ ಇಸವಿಯನ್ನು ಅದಕ್ಕೆ ಜೋಡಿಸಿ ಹಳೆಯ ಪಂಚಾಂಗ ನೋಡಿದರೆ ದಿನವೇ ದೊರೆಯುತ್ತದೆ.

ಹಂತ 9: ತಪ್ಪಿನ ಸೂಚನೆಗಳು

ವೃಕ್ಷ ಒಂದು ರೂಪಕ್ಕೆ ಬಂದ ಮೇಲೆ ಪ್ರತಿ ಕೊಂಡಿಯನ್ನೂ ಅಲ್ಲಾಡಿಸಿ ನೋಡಬೇಕು. ತಾಯಿಗೆ 15 ತುಂಬುವ ಮೊದಲು ಅಥವಾ 45 ದಾಟಿದ ಮೇಲೆ ಮಗು. ತಂದೆ ತೀರಿ ಒಂಬತ್ತು ತಿಂಗಳ ನಂತರ ಹುಟ್ಟಿದ ಮಗ. ಬದುಕಿದ್ದ ಇಬ್ಬರು ಸೋದರರಿಗೆ ಒಂದೇ ಹೆಸರು. ತಂದೆ ಮಗನ ನಡುವೆ 55 ವರ್ಷದ ಅಂತರ. ಕೊನೆಯದು ಕಂಡರೆ ನಡುವೆ ಒಂದು ತಲೆಮಾರು ಬಿಟ್ಟುಹೋಗಿರಬಹುದು.

ಗೋತ್ರ ಥಟ್ಟನೆ ಬದಲಾದರೆ ದತ್ತಕ. ಮನೆಯ ಹೆಸರು ಉಳಿದು ಅಡ್ಡಹೆಸರು ಬದಲಾದರೆ ಮನೆಯಳಿಯ ಬಂದಿರಬಹುದು. ಎರಡರಲ್ಲೂ ಹೆತ್ತವರ ಗೆರೆ, ಸಾಕಿದವರ ಗೆರೆ ಎರಡನ್ನೂ ಎಳೆಯಿರಿ, ದತ್ತಕಕ್ಕೆ ಚುಕ್ಕೆಗೆರೆ ಸಾಕು.

ಅಡ್ಡಹೆಸರು ಒಂದೇ ಎಂದು ಸಂಬಂಧ ಕಟ್ಟಲೇಬೇಡಿ. ನಮ್ಮ ಜಿಲ್ಲೆಯಲ್ಲಿ ನಾಯ್ಕ, ನಾಯಕ ಎಂಬುದು ನಾಮಧಾರಿಗಳಲ್ಲಿದೆ, ಕೋಮಾರಪಂತರಲ್ಲಿದೆ, ನಾಡವರಲ್ಲಿದೆ, ಸಾರಸ್ವತರಲ್ಲೂ ಇದೆ. ಗಾಂವಕರ ಎಂಬುದೂ ಹಾಗೆಯೇ ಹಲವು ಸಮುದಾಯಗಳದ್ದು. ಊರು, ಮನೆಯ ಹೆಸರು, ಕುಲದೇವರು, ಸರ್ವೆ ನಂಬರ್ ಇವುಗಳಲ್ಲಿ ಕನಿಷ್ಠ ಎರಡು ಹೊಂದಿದ ಮೇಲೆಯೇ ಇಬ್ಬರನ್ನು ಒಂದೇ ವ್ಯಕ್ತಿಯೆಂದು ಒಪ್ಪಬೇಕು.

ಹಂತ 10: ಬರೆದಿಡುವುದು

ಪ್ರತಿ ಕೊಂಡಿಯ ಪಕ್ಕದಲ್ಲಿ ಅದರ ಬಲ ಬರೆಯಿರಿ: ‘ದಾಖಲೆ’, ‘ಇಬ್ಬರ ಹೇಳಿಕೆ’, ‘ಒಬ್ಬರ ಹೇಳಿಕೆ’, ‘ಊಹೆ’. ಊಹೆಯನ್ನು ಪೆನ್ಸಿಲ್ಲಿನಲ್ಲೇ ಇಡಿ. ಫೋಟೋಗಳ ಹೆಸರು ವರ್ಷ, ಊರು, ಕಾಗದದ ಬಗೆ, ವ್ಯಕ್ತಿಯ ಸಂಖ್ಯೆ ಈ ಕ್ರಮದಲ್ಲಿರಲಿ, ಉದಾಹರಣೆಗೆ ‘1927-ಬನವಾಸಿ-ವಾರಸಾ-16’. ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ) ಕಾಗದ ಸಿಕ್ಕರೆ ಓದಬಲ್ಲವರಿಂದ ಓದಿಸಿ, ಮೂಲದ ಫೋಟೋ ಮತ್ತು ಓದಿದ ಪಾಠ ಎರಡನ್ನೂ ಒಟ್ಟಿಗಿಡಿ.

ಚೆನ್ನೈ, ಮುಂಬಯಿ, ಬೆಂಗಳೂರಿನ ಪತ್ರಾಗಾರಗಳಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. 1862ಕ್ಕೆ ಮೊದಲಿನ ಕೆನರಾ ಜಿಲ್ಲೆಯ ಕಾಗದ ಮದರಾಸಿನದು, ಆಮೇಲೆ ಮುಂಬಯಿಯದು. ಹಳ್ಳಿ, ವರ್ಗದ (ಕಂದಾಯ ಲೆಕ್ಕದಲ್ಲಿದ್ದ ಹಿಡುವಳಿಯ) ಹೆಸರು, ವರ್ಗದಾರನ ಹೆಸರು, ಹತ್ತು ವರ್ಷದೊಳಗಿನ ಕಾಲ, ಇಷ್ಟು ಕೈಯಲ್ಲಿಲ್ಲದೆ ಅಲ್ಲಿ ಏನೂ ಸಿಗುವುದಿಲ್ಲ.

ಬದುಕಿರುವವರ ಜನ್ಮದಿನ, ವಿಳಾಸ, ಆಧಾರ್ ವಿವರವನ್ನು ಹಂಚುವ ಪ್ರತಿಯಿಂದ ತೆಗೆಯಿರಿ. ಪೂರ್ಣ ಪ್ರತಿಯನ್ನು ಬೇರೆ ಬೇರೆ ವಂಶವೃಕ್ಷ ತಂತ್ರಾಂಶಗಳು ಓದಬಲ್ಲ ಗೆಡ್‌ಕಾಮ್ ರೂಪದಲ್ಲಿ ಉಳಿಸಿ, ಒಂದು ಪೆನ್‌ಡ್ರೈವ್ ಮತ್ತು ಒಂದು ಮುದ್ರಿತ ಪ್ರತಿಯನ್ನು ಬೇರೆ ಊರಿನ ದಾಯಾದಿಯ ಮನೆಯಲ್ಲಿಡಿ. ಅವರಿಗೆ ಕೊಡುವಾಗ ‘ಊಹೆ’ ಎಂದು ಗುರುತಿಸಿದ ಕೊಂಡಿಗಳ ಪಟ್ಟಿಯನ್ನೂ ಜೊತೆಗೆ ಕೊಡಿ. ಅವರ ಪೆಟ್ಟಿಗೆಯಲ್ಲಿ ಅದಕ್ಕೆ ಬೇಕಾದ ಕಾಗದ ಇರಬಹುದು.